ಮೇಲಿಂದ ನೋಡಿದರೆ ಎಲ್ಲವೂ ಹಸಿರು!

ಸುಳ್ಯದಿಂದ ಕಾಂತಮಂಗಲ ದಾಟಿ ಅಜ್ಜಾವರ ಮಾರ್ಗವಾಗಿ ಮಂಡೆಕೋಲಿಗೆ ಹೋಗುವ ಬಸ್ಸಿನಲ್ಲಿ ಮೊನ್ನೆ ನನ್ನ ಪಕ್ಕ ಕುಳಿತದ್ದು ಒಬ್ಬರು ಹಿರಿಯ ಕೃಷಿಕರು. ಕಾಲ ಬುಡದಲ್ಲಿ ಕೈಚೀಲ, ಅದರೊಳಗೆ ಮೈಲುತುತ್ತಿನ ಪೊಟ್ಟಣ. ಕೈಯಲ್ಲಿ ಮಗ ಬೆಂಗಳೂರಿನಿಂದ ತಂದುಕೊಟ್ಟ ಫೋನು. ಬಸ್ಸು ಎರಡು ತಿರುವು ಕಳೆದಿತ್ತಷ್ಟೆ, ಆ ಫೋನು ನನ್ನ ಮೂಗಿನ ಹತ್ತಿರ ಬಂತು.

"ನೀವು ಪೇಪರಿನವರಲ್ವಾ? ಇದರಲ್ಲಿ ನನ್ನ ತೋಟ ಯಾವುದು ಹೇಳಿ ನೋಡುವ."

ನೋಡಿದೆ. ಉಪಗ್ರಹದಿಂದ ತೆಗೆದ ನಮ್ಮ ಸೀಮೆಯ ಚಿತ್ರ. ಹಸಿರು, ಅದರ ಪಕ್ಕ ಇನ್ನಷ್ಟು ಹಸಿರು, ನಡುವೆ ನೂಲಿನಂತೆ ಪಯಸ್ವಿನಿ ಹೊಳೆ. ಕಾಡು ಯಾವುದು, ರಬ್ಬರ್ ಯಾವುದು, ಅಡಿಕೆ ಯಾವುದು ಎಂದು ದೇವರಾಣೆ ನನಗೆ ತಿಳಿಯಲಿಲ್ಲ.

"ಗೊತ್ತಾಗುದಿಲ್ಲ ಅಲ್ವಾ? ನನಗೇ ಗೊತ್ತಾಗುದಿಲ್ಲ. ಮತ್ತೆ ಡೆಲ್ಲಿಯಲ್ಲಿ ಕೂತವರಿಗೆ ಹೇಗೆ ಗೊತ್ತಾಗ್ತದೆ ಮಾರಾಯ್ರೇ?"

ಹಿಂದಿನ ಸೀಟಿನವರು ನಕ್ಕರು. ಆದರೆ ಈ ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ. ಇಂಥದೇ ಒಂದು ಚಿತ್ರವನ್ನು ಮೇಜಿನ ಮೇಲೆ ಹರಡಿಕೊಂಡು ನಮ್ಮ ಜಿಲ್ಲೆಯ 46 ಗ್ರಾಮಗಳ ಹಣೆಬರಹ ಬರೆಯಲು ಹೊರಟು ಹತ್ತು ವರ್ಷಗಳ ಮೇಲಾಯಿತು. ಬೆಳ್ತಂಗಡಿ, ಆಗಿನ ಪುತ್ತೂರು, ಸುಳ್ಯ ಈ ಮೂರು ತಾಲೂಕುಗಳ ಗ್ರಾಮಗಳವು. ಆ ಪಟ್ಟಿಯಲ್ಲಿ ಯಾರ ಊರು ಉಂಟು, ಯಾರದ್ದು ಇಲ್ಲ ಎಂಬ ಜಗಳ ಬೇರೆ. ನಾನಿಂದು ಹೇಳಹೊರಟದ್ದು ಪಟ್ಟಿಯ ವಿಷಯವಲ್ಲ, ಚಿತ್ರದ ವಿಷಯ. ನೆಲವನ್ನು ಚಿತ್ರ ಮಾಡುವುದು, ಆ ಚಿತ್ರ ನೋಡಿ ನೆಲಕ್ಕೆ ಬೆಲೆ ಕಟ್ಟುವುದು, ನಾಳೆ ಆ ನೆಲ ಹೀಗಾಗುತ್ತದೆ ಎಂದು ಇನ್ನೊಂದು ಚಿತ್ರ ತೋರಿಸಿ ಒಪ್ಪಿಗೆ ಪಡೆಯುವುದು. ಇದೀಗ ಜಗತ್ತಿನ ಎಲ್ಲೆಡೆ ನಡೆಯುತ್ತಿರುವ ವ್ಯವಹಾರ. ಇಂಗ್ಲಿಷು ಕಲಿತವರು ವಿಷುವಲ್ ಸಿಮ್ಯುಲೇಶನ್ ಎನ್ನುತ್ತಾರೆ. ಪಿಯುಸಿ ಅರ್ಧಕ್ಕೆ ಬಿಟ್ಟ ನನ್ನಂಥವನು ಇದನ್ನು "ಆಗುವ ಮೊದಲೇ ಬಿಡಿಸಿದ ಪಟ" ಎಂದುಕೊಂಡರೆ ತಪ್ಪೇನಿಲ್ಲ.

ಫ್ಲೆಕ್ಸಿನ ಊರು

ಅಂಗಡಿ ಮಾಲೀಕರಿಗೆ ಇದು ಹೊಸತಲ್ಲ. ಕಟ್ಟಡ ಏಳುವ ಮೊದಲೇ ರಸ್ತೆ ಬದಿಯಲ್ಲಿ ಅದರ ಫ್ಲೆಕ್ಸು ಏಳುತ್ತದಲ್ಲ! ಅದರಲ್ಲಿ ಎಂತೆಲ್ಲ ಉಂಟು ನೋಡಿ. ಎದುರಿಗೆ ಅಗಲ ರಸ್ತೆ, ನೀಲಿ ಆಕಾಶ, ಯಾವುದೋ ದೇಶದ ಮರಗಳು, ಸೂಟು ಹಾಕಿದ ಗಂಡಸರು, ಒಂದು ಕೆಂಪು ಕಾರು. ನಮ್ಮ ಪೇಟೆಯ ಚರಂಡಿ ಇಲ್ಲ, ಕರೆಂಟು ಕಂಬ ಇಲ್ಲ, ಮೀನಿನ ಬುಟ್ಟಿ ಇಲ್ಲ, ನಾಯಿ ಸಹ ಇಲ್ಲ. ಜೂನ್ ತಿಂಗಳ ಮಳೆ ಅಂತೂ ಆ ಊರಿನಲ್ಲಿ ಬರುವುದೇ ಇಲ್ಲ. ಕಟ್ಟಡ ಆದ ಮೇಲೆ ನೋಡಿದರೆ ಫ್ಲೆಕ್ಸಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಕೋಣೆ ಹಿಡಿದವನು ಮುಂಗಡ ಕೊಟ್ಟಾಗಿರುತ್ತದೆ.

ಕಟ್ಟಡದ ಮಟ್ಟಿಗೆ ನಷ್ಟ ಒಬ್ಬಿಬ್ಬರದ್ದು. ಗುಡ್ಡ, ಹೊಳೆ, ಕಾಡಿನ ಮಟ್ಟಿಗೆ ಹಾಗಲ್ಲ. ಗುಡ್ಡವನ್ನು ಒಮ್ಮೆ ಕಡಿದರೆ ಮತ್ತೆ ಕೂಡಿಸಲಿಕ್ಕೆ ಆಗುತ್ತದೆಯೇ?

ಈ ಕಸುಬು ಶುರುವಾದದ್ದು ನಿನ್ನೆ ಮೊನ್ನೆಯಲ್ಲ. ಇಂಗ್ಲೆಂಡಿನಲ್ಲಿ ಹಂಫ್ರಿ ರೆಪ್ಟನ್ ಎಂಬ ಉದ್ಯಾನಗಾರನಿದ್ದ (1752-1818). ಜಮೀನ್ದಾರರಿಗೆ ಅವರ ಜಾಗದ ಬಣ್ಣದ ಚಿತ್ರ ಬರೆದು ಕೆಂಪು ರಟ್ಟಿನ ಪುಸ್ತಕದಲ್ಲಿ ಕೊಡುತ್ತಿದ್ದ. ಚಿತ್ರದ ಮೇಲೊಂದು ಕಾಗದದ ಮಡಿಕೆ. ಮಡಿಕೆ ಮುಚ್ಚಿದ್ದರೆ ಈಗಿನ ಜಾಗ, ಎತ್ತಿದರೆ ಅವನು ಮಾಡಿಕೊಡಲಿರುವ ಜಾಗ! ಮೊದಲು ಮತ್ತು ನಂತರ. ಈಗಿನ ಕಂಪ್ಯೂಟರು ಮಾಡುವುದೂ ಅಷ್ಟೇ, ಕಾಗದದ ಮಡಿಕೆಯ ಬದಲು ಬೆರಳಿನಿಂದ ಸರಿಸುತ್ತೇವೆ. ಅವನೂ ವ್ಯಾಪಾರಿಯೇ ತಾನೆ, ಮಡಿಕೆ ಮುಚ್ಚಿದಾಗಿನ ಚಿತ್ರವನ್ನು ಒಂದಿಷ್ಟು ಸಪ್ಪೆಯಾಗಿಯೇ ಬರೆದಿದ್ದರೆ ಅಚ್ಚರಿ ಇಲ್ಲ.

ಚಿತ್ರ ಬಿಡಿಸಿದವನಿಗೇ ಅದು ತಿರುಗುಬಾಣವಾದ ಕತೆಯೂ ಉಂಟು. ಅಮೆರಿಕದ ನ್ಯೂಯಾರ್ಕಿನ ಮೇಲ್ಗಡೆ ಹಡ್ಸನ್ ನದಿಯ ದಂಡೆಯಲ್ಲಿ ಸ್ಟಾರ್ಮ್ ಕಿಂಗ್ ಎಂಬ ಬೆಟ್ಟ. ಅಲ್ಲಿ ನೀರನ್ನು ಮೇಲಕ್ಕೆ ಪಂಪು ಮಾಡಿ, ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ ಯೋಜನೆಯನ್ನು ಕಾನ್ ಎಡಿಸನ್ ಕಂಪೆನಿ 1962ರಲ್ಲಿ ಪ್ರಕಟಿಸಿತು. ಬೆಟ್ಟದ ಬುಡ ಕೊರೆದು ಯಂತ್ರಾಗಾರ ಕೂರಿಸಿದರೆ ಹೇಗೆ ಕಾಣುತ್ತದೆ ಎಂಬ ಚಿತ್ರವನ್ನು ಕಂಪೆನಿಯೇ ಹೆಮ್ಮೆಯಿಂದ ತನ್ನ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸಿತು. ಜನ ನೋಡಿದರು. ಬೆಟ್ಟದ ಮೈಯಿಂದ ತುಂಡು ಕಚ್ಚಿ ತೆಗೆದ ಹಾಗೆ ಕಂಡಿತು. ಅಲ್ಲಿಂದ ಶುರುವಾದ ಗಲಾಟೆ ಕೋರ್ಟಿಗೆ ಹೋಯಿತು. ನೆಲದ ಅಂದವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಊರವರಿಗೆ ಕೇಳುವ ಹಕ್ಕುಂಟು ಎಂದು 1965ರಲ್ಲಿ ಕೋರ್ಟು ಹೇಳಿತು. 1980ರಲ್ಲಿ ಕಂಪೆನಿ ಯೋಜನೆಯನ್ನೇ ಕೈಬಿಟ್ಟಿತು.

ಇದನ್ನು ಯಾಕೆ ಹೇಳಿದೆ ಎಂದರೆ, ಅದೇ ಜಾತಿಯ ಪಂಪಿನ ಯೋಜನೆ ನಮ್ಮ ಶರಾವತಿ ಕಣಿವೆಗೂ ಬಂದಿದೆ. ತಲಕಳಲೆ ಮೇಲೆ, ಗೇರುಸೊಪ್ಪ ಕೆಳಗೆ, ನಡುವೆ ಸುರಂಗ, 2,000 ಮೆಗಾವ್ಯಾಟ್. 2025ರಲ್ಲಿ ಅಹವಾಲು ಸಭೆ ನಡೆದಾಗ ಜನ ಸೇರಿ ವಿರೋಧಿಸಿದರು. ಅಂಥ ಸಭೆಗೆ ಬರುವ ಕಾಗದದ ಕಂತೆಯಲ್ಲಿ ಕೋಷ್ಟಕ ಉಂಟು, ನಕ್ಷೆ ಉಂಟು. ನಮ್ಮ ಮನೆಯಂಗಳದಲ್ಲಿ ನಿಂತು ನೋಡಿದರೆ ಎದುರಿನ ಗುಡ್ಡ ನಾಳೆ ಹೇಗೆ ಕಾಣುತ್ತದೆ ಎಂಬ ಒಂದು ಪಟಕ್ಕಾಗಿ ಆ ಕಂತೆಯಲ್ಲಿ ಹುಡುಕಿ ನೋಡಿ, ಸಿಕ್ಕರೆ ನಿಮ್ಮ ಪುಣ್ಯ.

ಹದಿಮೂರೂವರೆ ಸೆಂಟ್ಸಿನ ಚುಕ್ಕೆ

ಈಗ ನಮ್ಮ ಊರಿನ ಚಿತ್ರಕ್ಕೆ ಬರೋಣ. ಪಶ್ಚಿಮ ಘಟ್ಟವನ್ನು ಉಳಿಸುವುದು ಹೇಗೆ ಎಂದು ಮೊದಲು ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಅದು ಇಡೀ ಘಟ್ಟವನ್ನು ಸುಮಾರು ಒಂಬತ್ತು ಕಿಲೋಮೀಟರು ಉದ್ದಗಲದ ಚೌಕಗಳಾಗಿ ಮಾಡಿತ್ತು. ಗಲಾಟೆಯಾಯಿತು. ಇಸ್ರೋ ಅಧ್ಯಕ್ಷರಾಗಿದ್ದ ಕಸ್ತೂರಿರಂಗನ್ ಅವರ ಸಮಿತಿ ಬಂತು, 2013ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಇವರ ಕೈಯಲ್ಲಿದ್ದದ್ದು ಉಪಗ್ರಹದ ಚಿತ್ರ. ಆ ಚಿತ್ರದ ಆಧಾರದಲ್ಲಿ ಘಟ್ಟವನ್ನು ಎರಡು ಪಾಲು ಮಾಡಿದರು. ಮನುಷ್ಯ ಉತ್ತು ಬಿತ್ತು ಕಟ್ಟಿಕೊಂಡ ನೆಲ ನೂರಕ್ಕೆ 58 ಚಿಲ್ಲರೆ, ತಾನಾಗಿ ಇರುವ ನೆಲ ನೂರಕ್ಕೆ 41 ಚಿಲ್ಲರೆ. ಎರಡನೆಯದರಲ್ಲಿ ಜೀವಸಂಪತ್ತು ಹೆಚ್ಚಿರುವ ಜಾಗ ಹೆಕ್ಕಿ, ಸುಮಾರು 60,000 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶ ಎಂದರು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರು. ಒಂದು ಗ್ರಾಮದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅಂಥ ಜಾಗವಿದ್ದರೆ ಇಡೀ ಗ್ರಾಮವೇ ಪಟ್ಟಿಯೊಳಗೆ.

ಈ ಉಪಗ್ರಹದ ಕಣ್ಣು ಎಷ್ಟು ಚುರುಕು? ಅದರ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಹೆಚ್ಚುಕಡಿಮೆ ಇಪ್ಪತ್ತಮೂರೂವರೆ ಮೀಟರು ಉದ್ದ, ಅಷ್ಟೇ ಅಗಲ. ಬಸ್ಸಿನ ಟಿಕೇಟಿನ ಹಿಂದೆ ಲೆಕ್ಕ ಹಾಕಿದೆ, ಹದಿಮೂರೂವರೆ ಸೆಂಟ್ಸು ಬಂತು. ಸುಳ್ಯ ತಾಲೂಕಿನಲ್ಲಿ ಹದಿಮೂರೂವರೆ ಸೆಂಟ್ಸಿನಲ್ಲಿ ಎಂತೆಲ್ಲ ಇರಬಹುದು ಎಂದು ಗೊತ್ತಿಲ್ಲವೆ? ಒಂದು ಮನೆ, ಹಟ್ಟಿ, ಅಡಿಕೆ ಒಣಗಿಸುವ ಅಂಗಳ, ಬಾವಿ, ಅಂಚಿನಲ್ಲಿ ನಾಲ್ಕು ಹಲಸಿನ ಮರ. ಅಷ್ಟೂ ಸೇರಿ ಒಂದೇ ಚುಕ್ಕೆ, ಆ ಚುಕ್ಕೆಗೆ ಒಂದೇ ಬಣ್ಣ. ಹಲಸಿನ ಮರ ದೊಡ್ಡದಿದ್ದರೆ ಚುಕ್ಕೆ ಹಸಿರಾಯಿತು, ಮನೆ ಮಾಯ!

ತಜ್ಞರು ಅಷ್ಟು ದಡ್ಡರಲ್ಲ ಎನ್ನುವುದನ್ನೂ ಹೇಳಬೇಕು. ತೋಟ ಬೇರೆ, ಕಾಡು ಬೇರೆ ಎಂದು ವಿಂಗಡಿಸಲು ಅವರೂ ಪ್ರಯತ್ನಪಟ್ಟಿದ್ದಾರೆ. ಆದರೆ ಅಡಿಕೆಯ ನಡುವೆ ಬಾಳೆ, ಕೊಕ್ಕೊ, ಕಾಳುಮೆಣಸು, ಮೇಲ್ಗಡೆ ಸೊಪ್ಪಿನ ಗುಡ್ಡ, ಅದಕ್ಕೆ ತಾಗಿ ರಬ್ಬರು, ಮತ್ತೆ ಮೀಸಲು ಅರಣ್ಯ ಹೀಗೆ ಒಂದರೊಳಗೊಂದು ಹೆಣೆದುಕೊಂಡ ನಮ್ಮ ಸೀಮೆಯಲ್ಲಿ ಗೆರೆ ಎಳೆಯುವುದು ಸುಲಭವಲ್ಲ. ಸಂಪಾಜೆ, ಅರಂತೋಡು ಕಡೆ ಹಳದಿ ರೋಗ ಬಂದ ಅಡಿಕೆ ತೋಟಗಳ ಬಣ್ಣವೇ ಬೇರೆ. ಬಣ್ಣ ನೋಡಿ ತೋಟ ಗುರುತಿಸುವವನಿಗೆ ಆ ತೋಟ ಏನಾಗಿ ಕಂಡೀತು?

ಇದಕ್ಕೆ ಒಂದು ಉಪಾಯವನ್ನು ಹೇಳಿದವರು ಯಾವ ವಿಜ್ಞಾನಿಯೂ ಅಲ್ಲ. ಮಂಡೆಕೋಲಿನಲ್ಲಿ ಇಳಿದು ಚಾ ಕುಡಿಯುತ್ತಿದ್ದಾಗ ಮಾತಿಗೆ ಸಿಕ್ಕಿದ ರಬ್ಬರ್ ಟ್ಯಾಪರ್ ಒಬ್ಬರು. 1964ರ ಶ್ರೀಲಂಕಾ ಒಪ್ಪಂದದಂತೆ ಬಂದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲೆಂದು 1970ರ ದಶಕದಲ್ಲಿ ಈ ತಾಲೂಕಿನ ಕಾಡಿನಲ್ಲಿ ಸರಕಾರವೇ ರಬ್ಬರು ನೆಟ್ಟದ್ದು ಹಳಬರಿಗೆ ನೆನಪಿರಬಹುದು. ಅರಣ್ಯ ಅಭಿವೃದ್ಧಿ ನಿಗಮದ ಆ ತೋಟಗಳಲ್ಲಿ ಈಗ ಅವರ ಮೊಮ್ಮಕ್ಕಳ ಕಾಲ. ಈ ಟ್ಯಾಪರ್ ಚಾದ ಗ್ಲಾಸು ಕೆಳಗಿಟ್ಟು ಹೇಳಿದರು:

"ಇದಕ್ಕೆಂತ ತಲೆಬಿಸಿ ಸಾರ್? ರಬ್ಬರು ಡಿಸೆಂಬರ್-ಜನವರಿಗೆ ಎಲೆ ಉದುರಿಸ್ತದೆ. ಕಾಡು ಹಾಗೆ ಒಟ್ಟಿಗೆ ಉದುರಿಸುದಿಲ್ಲ, ಅಡಿಕೆಯೂ ಉದುರಿಸುದಿಲ್ಲ. ಆವಾಗ ಒಂದು ಫೋಟೋ, ಮತ್ತೆ ಚಿಗುರಿದ ಮೇಲೆ ಒಂದು ಫೋಟೋ ತೆಗೀಲಿ. ಬೋಳಾಗಿ ಚಿಗುರಿದ್ದು ರಬ್ಬರು."

ಆಮೇಲೆ ವಿಚಾರಿಸಿದೆ. ಉಪಗ್ರಹ ಚಿತ್ರದಲ್ಲಿ ರಬ್ಬರನ್ನು ಹುಡುಕುವ ಸಂಶೋಧಕರು ಮಾಡುವುದೂ ಇದನ್ನೇ. ಎಲೆ ಉದುರುವ ತಿಂಗಳು ನೋಡಿಯೇ ಗುರುತು ಹಿಡಿಯುತ್ತಾರೆ. ಅವರಿಗೆ ಡಾಕ್ಟರೇಟು, ಇವರಿಗೆ ದಿನಗೂಲಿ!

ಗಡಿಯಾಚೆ ಏನಾಯಿತು? ಮುರೂರಿನಲ್ಲಿ ನಿಂತು ನಾಲ್ಕು ಹೆಜ್ಜೆ ಹಾಕಿದರೆ ಕೇರಳ. ಅಲ್ಲಿನ ಸರಕಾರ ಊಮ್ಮನ್ ವಿ. ಊಮ್ಮನ್ ಅವರ ಸಮಿತಿ ನೇಮಿಸಿ, ಪಂಚಾಯತುಗಳ ಮಟ್ಟದಲ್ಲಿ ಚಿತ್ರವನ್ನು ನೆಲಕ್ಕೆ ಹೋಲಿಸಿ ನೋಡಿಸಿತು. ಕೇರಳದ ಪಾಲು 13,108 ಚದರ ಕಿಲೋಮೀಟರಿನಿಂದ 9,993.7ಕ್ಕೆ ಇಳಿಯಿತು. ಮೂರು ಸಾವಿರ ಚದರ ಕಿಲೋಮೀಟರಿನಷ್ಟು ವ್ಯತ್ಯಾಸ! ಕೈಬಿಟ್ಟದ್ದು ಹೆಚ್ಚಾಯಿತು ಎನ್ನುವವರೂ ಅಲ್ಲಿ ಇದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ನೆಲಕ್ಕಿಳಿದು ನೋಡಿದರೆ ಚಿತ್ರ ಬದಲಾಗುತ್ತದೆ ಎಂಬಷ್ಟಂತೂ ಖಾತ್ರಿಯಾಯಿತು. ನಮ್ಮ ಕಡೆ? ಕೇಂದ್ರದ ಕರಡು 2014ರಲ್ಲಿ ಬಂತು, ಅವಧಿ ಮುಗಿಯಿತು, ಮತ್ತೆ ಬಂತು, ಮತ್ತೆ ಮುಗಿಯಿತು. ಆರನೆಯದು 2024ರ ಜುಲೈ 31ರದ್ದು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಬೇಡ ಎಂದಿತು.

ಹೆದರಿಕೆಯ ಪಟ

ಒಂದು ಮಾತು ಕೆಲವರಿಗೆ ಕಹಿಯಾದೀತು, ಆದರೂ ಹೇಳದೆ ವಿಧಿಯಿಲ್ಲ. ಮೇಲಿನವರು ತೋರಿಸುವ ಚಿತ್ರ ಒಂದಾದರೆ, ಊರಿನ ವೇದಿಕೆಗಳಲ್ಲಿ ಮೈಕು ಹಿಡಿದವರು ಬಿಡಿಸುವ ಚಿತ್ರ ಇನ್ನೊಂದು. "ನಾಳೆ ನಿಮ್ಮನ್ನು ಒಕ್ಕಲೆಬ್ಬಿಸುತ್ತಾರೆ, ಅಡಿಕೆ ಕೊಯ್ಯಲು ಬಿಡುವುದಿಲ್ಲ, ಹಟ್ಟಿಗೆ ಸೊಪ್ಪು ತಂದರೆ ಜೈಲು!" ಇದೂ ಆಗುವ ಮೊದಲೇ ಬಿಡಿಸಿದ ಪಟವೇ ತಾನೆ? ಕರಡಿನಲ್ಲಿ ನಿಷೇಧ ಎಂದು ಬರೆದದ್ದು ಗಣಿ, ಕಲ್ಲುಕೋರೆ, ಮರಳುಗಾರಿಕೆ, ಕೆಂಪು ಪಟ್ಟಿಯ ಕಾರ್ಖಾನೆ, ಉಷ್ಣ ವಿದ್ಯುತ್ ಸ್ಥಾವರ, 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡ ಇಂಥವನ್ನು. ಇಪ್ಪತ್ತು ಸಾವಿರ ಚದರ ಮೀಟರಿನ ದನದ ಹಟ್ಟಿ ಯಾರಿಗುಂಟು? ಆದರೆ ಜನರ ಹೆದರಿಕೆಗೂ ಕಾರಣ ಇಲ್ಲದಿಲ್ಲ. ಕುಮ್ಕಿ, ಬಾಣೆ, ಅರಣ್ಯ-ಕಂದಾಯದ ಗಡಿ ತಗಾದೆ, ವರ್ಷಗಟ್ಟಲೆ ಕೊಳೆತ ಅಕ್ರಮ-ಸಕ್ರಮ ಅರ್ಜಿ ಇವುಗಳ ನಡುವೆ ಬದುಕಿದವರಿಗೆ ಇನ್ನೊಂದು ಹಸಿರು ಗೆರೆ ಎಂದರೆ ಹೊಟ್ಟೆಯಲ್ಲಿ ಚಳಿ ಹುಟ್ಟುವುದು ಸಹಜ.

ಚಹಾದಂಗಡಿಯವರು ಹೇಳಿದ್ದು ಸರಿಯಾಗಿಯೇ ಇತ್ತು. "ನಮ್ಮ ಊರು ಪಟ್ಟಿಯಲ್ಲಿ ಬರಲಿ, ಬಾರದಿರಲಿ. ಚಿತ್ರ ತೆಗೆಯುವ ಕ್ರಮ ಎಲ್ಲ ಊರಿಗೂ ಒಂದೇ ಅಲ್ವಾ? ಇವತ್ತು ಅದು, ನಾಳೆ ಲೈನು, ನಾಡಿದ್ದು ಮಾರ್ಗ."

ಚಿತ್ರವನ್ನೇ ಬೇಡ ಎನ್ನುವವರು ಇನ್ನೊಂದು ಚಿತ್ರವನ್ನೂ ನೋಡಬೇಕು. 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್ಮಲ ಕೊಚ್ಚಿಹೋದವು. ಹೈದರಾಬಾದಿನ ದೂರಸಂವೇದಿ ಕೇಂದ್ರ ಮೊದಲಿನ ಚಿತ್ರ, ನಂತರದ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ಪ್ರಕಟಿಸಿತು. ಕುಸಿದ ಜಾಗ 86,000 ಚದರ ಮೀಟರು. ನಮ್ಮ ಲೆಕ್ಕದಲ್ಲಿ ಇಪ್ಪತ್ತೊಂದು ಎಕ್ರೆ. ಅಷ್ಟು ಸಣ್ಣ ಜಾಗದಿಂದ ಹೊರಟ ಮಣ್ಣು-ಕಲ್ಲು ಸುಮಾರು ಎಂಟು ಕಿಲೋಮೀಟರು ಹೋಯಿತು. ದೂರ ಯಾಕೆ, 2018ರ ಆಗಸ್ಟಿನಲ್ಲಿ ನಮ್ಮ ಸಂಪಾಜೆ ಘಾಟಿಯ ಮೇಲಿನ ಜೋಡುಪಾಲ, ಮದೆನಾಡು ಕಡೆ ಗುಡ್ಡಗಳು ಇಳಿದವಲ್ಲ, ಮಡಿಕೇರಿ ಬಸ್ಸು ನಿಂತದ್ದು ಈ ಪತ್ರಿಕೆ ಓದುವ ಪ್ರಯಾಣಿಕರಿಗೆ ಮರೆತಿರಲಾರದು. ಆಗಲೂ ಮೊದಲಿನದ್ದು, ನಂತರದ್ದು ಎಂದು ಚಿತ್ರ ಬಂತು. ಎರಡೂ ಸಲ ಬಂದದ್ದು ಹೆಣ ಎತ್ತಿದ ಮೇಲೆ. ಇಷ್ಟು ಇಳಿಜಾರಿನ ಗುಡ್ಡಕ್ಕೆ ಇಷ್ಟು ಮಳೆ ಬಿದ್ದರೆ ಮಣ್ಣು ಯಾವ ದಾರಿ ಹಿಡಿದೀತು ಎಂಬ ಪಟವನ್ನು ಮಳೆಗಾಲಕ್ಕೆ ಮೊದಲೇ ಬಿಡಿಸಿ, ಕೆಳಗಿನ ಮನೆಯವರಿಗೆ ತೋರಿಸುವುದು ಈಗಿನ ಕಾಲದಲ್ಲಿ ಆಗದ ಕೆಲಸವೇನಲ್ಲ.

ತಡವಾಗಿ ಕಣ್ಣು ತೆರೆದದ್ದಕ್ಕೆ ನಮ್ಮ ರಾಜ್ಯದಲ್ಲಿ ಹಂಪೆಗಿಂತ ದೊಡ್ಡ ಉದಾಹರಣೆ ಬೇಡ. ತಳವಾರಘಟ್ಟದಲ್ಲಿ ಆನೆಗೊಂದಿಗೆ ತೂಗುಸೇತುವೆ ಕಟ್ಟಹೊರಟರು. ಸೇತುವೆ ಬೇಕೆಂಬುದು ಆಚೆ ದಡದವರ ನ್ಯಾಯವಾದ ಬೇಡಿಕೆ. ಆದರೆ ಕಾಂಕ್ರೀಟು ಕಂಬ ಎದ್ದ ಮೇಲೆ, ಇದು ಹಂಪೆಯ ನೋಟವನ್ನೇ ಕೆಡಿಸುತ್ತದೆ ಎಂದು ಯುನೆಸ್ಕೋ 1999ರಲ್ಲಿ ಹಂಪೆಯನ್ನು ಅಪಾಯದ ಪಟ್ಟಿಗೆ ಸೇರಿಸಿತು. ಹೊರಬರಲು 2006 ಆಯಿತು. ಸೇತುವೆ ಮುಗಿಯಲೇ ಇಲ್ಲ, 2009ರ ಜನವರಿಯಲ್ಲಿ ಕುಸಿದು ಕೂಲಿಗಳು ಜೀವ ತೆತ್ತರು. ಕಂಬ ಏಳಿಸುವ ಮೊದಲು ಹೊಳೆಯ ಎರಡೂ ದಡದಿಂದ ಒಂದೊಂದು ಪಟ ಬಿಡಿಸಿ ನೋಡಿದ್ದರೆ, ಸೇತುವೆಗೆ ಬೇರೆ ಜಾಗ ಸಿಕ್ಕಿ ಅಲ್ಲಿನವರು ಬೇಗ ಹೊಳೆ ದಾಟುತ್ತಿದ್ದರೋ ಏನೋ!

ಪಟ ಸುಳ್ಳೋ ನಿಜವೋ?

ಇದನ್ನು ಪರೀಕ್ಷೆ ಮಾಡಿದವರೂ ಇದ್ದಾರೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್, ಕೆನೆತ್ ಕ್ರೇಕ್ ಎಂಬಿಬ್ಬರು ಒಂದು ಪ್ರಯೋಗಶಾಲೆ ಮಾಡಿದರು. ಊರಿನ ಗುಡ್ಡ, ರಸ್ತೆ, ಮನೆಗಳ ಸಣ್ಣ ಮಾದರಿ. ಅದರ ರಸ್ತೆಯಲ್ಲಿ ಬೆರಳು ಗಾತ್ರದ ಕೊಳವೆಗಣ್ಣಿನ ಕ್ಯಾಮರಾವನ್ನು ಓಡಿಸಿ ಸಿನಿಮಾ ತೆಗೆದರು, ಕಾರಿನಲ್ಲಿ ಕೂತು ನೋಡಿದ ಹಾಗೆ. ಮತ್ತೆ ಕೆಲವರನ್ನು ನಿಜವಾದ ಊರಿನಲ್ಲಿ ನಿಜವಾದ ಕಾರಿನಲ್ಲಿ ಸುತ್ತಿಸಿದರು, ಇನ್ನು ಕೆಲವರಿಗೆ ಈ ಸಿನಿಮಾ ತೋರಿಸಿದರು. ಕೇಳಿದರೆ ಇಬ್ಬರ ಅಭಿಪ್ರಾಯವೂ ಹೆಚ್ಚುಕಡಿಮೆ ಒಂದೇ! ಸರಿಯಾಗಿ ಮಾಡಿದ ಪಟವನ್ನು ನಂಬಬಹುದು ಎಂದಾಯಿತು. (ಸಿನಿಮಾ ಪ್ರಿಯರಿಗೆ ಒಂದು ಮಾತು. ಆ ಕ್ಯಾಮರಾದ ಕೆಲಸ ಮಾಡಿದ ಜಾನ್ ಡಿಕ್‌ಸ್ಟ್ರಾ ಎಂಬಾತನೇ ಮುಂದೆ 1977ರ 'ಸ್ಟಾರ್ ವಾರ್ಸ್' ಚಿತ್ರದ ಆಕಾಶನೌಕೆಗಳನ್ನು ಹಾರಿಸಿದ್ದು.)

ಸರಿಯಾಗಿ ಮಾಡಿದ ಎಂದರೆ ಹೇಗೆ? ಹಕ್ಕಿ ಹಾರುವ ಎತ್ತರದಿಂದಲ್ಲ, ಮನುಷ್ಯ ನಿಲ್ಲುವ ಎತ್ತರದಿಂದ. ಗಿಡ ಬೆಳೆದ ಇಪ್ಪತ್ತು ವರ್ಷದ ನಂತರದ್ದು ಮಾತ್ರವಲ್ಲ, ಜೆಸಿಬಿ ಹೋದ ಮರುದಿನದ ಕೆಂಪು ಮಣ್ಣಿನದ್ದು ಸಹ. ಯಾವ ಜಾಗದಲ್ಲಿ ನಿಂತು ತೆಗೆದದ್ದು ಎಂದು ಬರೆದಿರಬೇಕು, ಬೇಕಾದವರು ಅಲ್ಲೇ ಹೋಗಿ ನಿಂತು ತಾಳೆ ನೋಡುವ ಹಾಗೆ. ಅಡ್ಡ ಬರುವ ವಿದ್ಯುತ್ ಗೋಪುರವನ್ನು ಮರದ ಹಿಂದೆ ಅಡಗಿಸುವ ಕೋನದಿಂದ ಪಟ ತೆಗೆದರೆ ಅದಕ್ಕೆ ಮದುವೆ ಸ್ಟುಡಿಯೋದ ಕೆಲಸ ಎನ್ನಬೇಕಷ್ಟೆ.

ಬೆಲೆ ಕಟ್ಟುವುದಕ್ಕೂ ಕ್ರಮ ಉಂಟು. 1976ರಲ್ಲಿ ಡೇನಿಯಲ್ ಮತ್ತು ಬೋಸ್ಟರ್ ಎಂಬ ಇಬ್ಬರು ಕಾಡಿನ ಸ್ಲೈಡುಗಳನ್ನು ಸಾಮಾನ್ಯ ಜನರಿಗೆ ತೋರಿಸಿ ಹತ್ತರಲ್ಲಿ ಎಷ್ಟು ಅಂಕ ಎಂದು ಕೇಳಿ ಲೆಕ್ಕ ಹಾಕುವ ವಿಧಾನ ಮಾಡಿದರು. ಒಳ್ಳೆಯದೇ. ಆದರೆ ಕೇಳುವುದು ಯಾರನ್ನು? ರಬ್ಬರು ತೋಟದ ಪಟವನ್ನು ಬೆಂಗಳೂರಿನಿಂದ ಚಾರಣಕ್ಕೆ ಬಂದವರಿಗೆ ತೋರಿಸಿದರೆ ಹತ್ತರಲ್ಲಿ ಮೂರು ಕೊಟ್ಟಾರು. ಆ ಟ್ಯಾಪರನ್ನು ಕೇಳಿದೆ. "ಹತ್ತಕ್ಕೆ ಹತ್ತು ಸಾರ್" ಎಂದರು. ಅವರ ಹೆಂಡತಿಯೂ ಅಲ್ಲೇ ಹಾಲು ಕರೆಯುವುದಲ್ಲ, ಹಾಲು ತೆಗೆಯುವುದು, ರಬ್ಬರು ಹಾಲು. ಅನ್ನ ಕೊಡುವ ಮರ ಚಂದ ಕಾಣದಿರುತ್ತದೆಯೇ?

ನಮ್ಮ ಕಾನೂನಿನಲ್ಲಿ ಏನುಂಟು ಎಂದು ಹುಡುಕಿದರೆ ಒಂದು ಸೋಜಿಗ ಸಿಕ್ಕಿತು. ಕೇಂದ್ರದ 2006ರ ಪರಿಸರ ಅಧಿಸೂಚನೆಯಲ್ಲಿ ದೊಡ್ಡ ಕಟ್ಟಡ ಕಟ್ಟುವವರು ತುಂಬಬೇಕಾದ ಒಂದು ನಮೂನೆ ಉಂಟು. ಅದರಲ್ಲಿ ಅಂದಚಂದಕ್ಕೇ ಪ್ರತ್ಯೇಕ ಭಾಗ. ಕಟ್ಟಡದಿಂದ ನೋಟಕ್ಕೆ ಅಡ್ಡಿಯಾಗುತ್ತದೆಯೇ, ಸುತ್ತಲಿನ ನೆಲದ ಚೆಲುವು ಕೆಡುತ್ತದೆಯೇ ಎಂದು ಸ್ಪಷ್ಟವಾಗಿ ಕೇಳಿದ್ದಾರೆ. ಆದರೆ ಅದು 20,000 ಚದರ ಮೀಟರಿನ ಕಟ್ಟಡಗಳಿಗೆ. ವಿದ್ಯುತ್ ಮಾರ್ಗಗಳು ಆ ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲ. ಕಾಡಿನ ಮೂಲಕ ಹೋದರೆ ಅರಣ್ಯದ ಒಪ್ಪಿಗೆ ಬೇಕು, ಅಷ್ಟೆ. ಮಾಡಾವು-ಸುಳ್ಯ 110 ಕೆ.ವಿ. ಮಾರ್ಗ ವರ್ಷಗಟ್ಟಲೆ ಎಳೆದಾಡಿದ್ದು, ಉಡುಪಿ-ಕಾಸರಗೋಡು 400 ಕೆ.ವಿ. ಮಾರ್ಗದ ವಿರುದ್ಧ ವಿಟ್ಲ ಕಡೆಯವರು ಬೀದಿಗಿಳಿದದ್ದು ನಮಗೆ ಗೊತ್ತಿದೆ. ಸರ್ವೆ ನಂಬ್ರ ಬರೆದ ನೋಟೀಸಿನ ಬದಲು, ಮೊದಲ ದಿನವೇ ಪ್ರತಿ ತೋಟದಿಂದ ಕಾಣುವ ಹಾಗೆ ಒಂದೊಂದು ಪಟ ಕೊಟ್ಟಿದ್ದರೆ ಜಗಳ ಇಲ್ಲವಾಗುತ್ತಿತ್ತು ಎನ್ನಲಾರೆ. ಯಾವುದರ ಬಗ್ಗೆ ಜಗಳ ಎಂದಾದರೂ ಎರಡೂ ಕಡೆಯವರಿಗೆ ತಿಳಿಯುತ್ತಿತ್ತು.

ಕಂಪ್ಯೂಟರಿಗೆ ದುಡ್ಡಿಲ್ಲ ಎನ್ನುವವರಿಗೆ ಸ್ವಿಟ್ಜರ್‌ಲೆಂಡಿನ ಉಪಾಯ ಉಂಟು. ಅಲ್ಲಿ ಕಟ್ಟಡಕ್ಕೆ ಪರವಾನಗಿ ಕೇಳುವವನು ಮೊದಲು ಆ ಜಾಗದಲ್ಲಿ ಕಟ್ಟಡದ ಎತ್ತರಕ್ಕೇ ಸರಿಯಾಗಿ ಕಂಬಗಳನ್ನು ನೆಡಬೇಕು. ಮಾಡು ಯಾವ ಕಡೆ ಇಳಿಯುತ್ತದೆ ಎಂಬುದಕ್ಕೂ ತುದಿಯಲ್ಲಿ ಗುರುತು. ನೆರೆಯವರು ದಾರಿಯಲ್ಲಿ ಹೋಗುತ್ತಾ ನೋಡುತ್ತಾರೆ, ಬೇಡದಿದ್ದರೆ ಆಕ್ಷೇಪಣೆ ಹಾಕುತ್ತಾರೆ. ಗೂಟ ಹೊಡೆದು ಹಗ್ಗ ಕಟ್ಟುವುದು ನಮ್ಮ ಮೇಸ್ತ್ರಿಗಳಿಗೆ ಗೊತ್ತಿಲ್ಲದ ವಿದ್ಯೆಯೇ? ಜಾತ್ರೆಯ ಚಪ್ಪರಕ್ಕೆ ನೆಡುವಷ್ಟು ಅಡಿಕೆ ಮರ ಸಾಕು.

ಸಂಜೆಯಾಗಿತ್ತು. ಬಸ್ಸಿನ ಹಿರಿಯರು ಬಿಡಲಿಲ್ಲ, "ಬಂದದ್ದಾಯ್ತಲ್ಲ, ತೋಟ ನೋಡಿಕೊಂಡೇ ಹೋಗಿ" ಎಂದು ಕರೆದುಕೊಂಡು ಹೋದರು. ತೋಟದ ಮೇಲಿನ ಅಂಚಿನಲ್ಲಿ ಏಳೆಂಟು ಅಡಿಕೆ ಸಸಿ ಮುರಿದು ಬಿದ್ದಿದ್ದವು, ಬಾಳೆ ಸಿಗಿದಿತ್ತು. ಆನೆ. ಮಂಡೆಕೋಲು, ಆಲೆಟ್ಟಿ, ಅಜ್ಜಾವರದವರಿಗೆ ಇದು ನಿತ್ಯದ ಗೋಳು. 2023ರ ಏಪ್ರಿಲ್‌ನಲ್ಲಿ ಅಜ್ಜಾವರದ ತುದಿಯಡ್ಕದಲ್ಲಿ ಮರಿಗಳೂ ಸೇರಿ ನಾಲ್ಕು ಆನೆಗಳು ತೋಟದ ಕೆರೆಗೆ ಬಿದ್ದು, ಊರವರು ಮತ್ತು ಅರಣ್ಯ ಇಲಾಖೆಯವರು ದಾರಿ ಮಾಡಿ ಮೇಲೆ ಹತ್ತಿಸಿದ್ದನ್ನು ರಾಜ್ಯವೇ ನೋಡಿತು. ಒಂದು ಮರಿ ಮಾತ್ರ ಹಿಂಡಿಗೆ ಸೇರಲಾಗದೆ ದುಬಾರೆಗೆ ಹೋಯಿತು. ಉಪಗ್ರಹದ ಚಿತ್ರದಲ್ಲಿ ಅಂಥ ಒಂದು ತೋಟದ ಕೆರೆ ಒಂದು ಚುಕ್ಕೆಯೂ ಆಗಲಿಕ್ಕಿಲ್ಲ.

"ನೀವು ಚಿತ್ರ ಚಿತ್ರ ಅಂತ ಹೇಳ್ತೀರಲ್ಲ, ಕೊಡಿ ಇಲ್ಲಿ" ಎಂದು ನನ್ನ ನೋಟುಪುಸ್ತಕ ತೆಗೆದುಕೊಂಡರು. ಬಾಲ್ ಪೆನ್ನಿನಲ್ಲಿ ಮೊದಲು ಎಳೆದದ್ದು ಮನೆಯನ್ನಲ್ಲ, ಗಡಿಯನ್ನೂ ಅಲ್ಲ. ಗುಡ್ಡದಿಂದ ಹೊಳೆಗೆ ಒಂದು ಸೊಟ್ಟ ಗೆರೆ. "ಇದು ಆನೆ ಇಳಿಯುವ ದಾರಿ. ನನ್ನ ಅಜ್ಜನ ಕಾಲದಲ್ಲೂ ಇದೇ." ಅದರ ಪಕ್ಕ ತೋಡು. ತೋಡಿನ ಮೇಲ್ಗಡೆ, ಮಳೆಗಾಲದಲ್ಲಿ ಒರತೆ ಒಡೆಯುವ ಜಾಗಕ್ಕೆ ಒಂದು ಸೊನ್ನೆ. "ಇಲ್ಲಿ ಅಗೆದರೆ ಗುಡ್ಡ ಕೂತ್ಕೊಳ್ತದೆ, ಯಾರೂ ಅಗೆಯುದಿಲ್ಲ." ಆಮೇಲೆ ದೈವದ ಕಟ್ಟೆ. ಆಮೇಲೆ ತೋಟ. ಮನೆಗೆ ಜಾಗ ಉಳಿಯಲಿಲ್ಲ, ಪುಟದ ಅಂಚಿನಲ್ಲಿ ಒಂದು ಚೌಕ ಹಾಕಿ ಪುಸ್ತಕ ಹಿಂದೆ ಕೊಟ್ಟರು.

"ಇದನ್ನು ನಿಮ್ಮ ಪೇಪರಿನಲ್ಲಿ ಹಾಕ್ತೀರಾ?"

ಹಾಕಲು ನೋಡುತ್ತೇನೆ ಎಂದೆ. ಕೆಳಗೆ ರಸ್ತೆಯಲ್ಲಿ ಸುಳ್ಯಕ್ಕೆ ಹೋಗುವ ಕಡೆಯ ಬಸ್ಸು ಹಾರ್ನ್ ಹಾಕಿತು. ತೋಡು ದಾಟಿ ಓಡಿದೆ.